ಅಕ್ಕನ ಸೀಟಿನಲ್ಲಿ ಮರಳಿನ ಮೂಟೆ

ಭಾವ,

ನಿಮ್ಮ ಹೆಂಡತಿಯ ತಮ್ಮ ಪುಟ್ಟಪ್ಪ ಬರೆಯುತ್ತಿದ್ದೇನೆ. ಎದುರಿಗಿದ್ದಾಗ ತಲೆಯೆತ್ತಿ ಮಾತಾಡದವನು ಈಗ ಕಾಗದ ಬರೆಯುತ್ತಿದ್ದಾನಲ್ಲ ಎಂದು ನಗಬೇಡಿ. ನಿಮಗೆ ಮುಟ್ಟಿಸಬೇಕಾದ ಸುದ್ದಿ ಒಂದಿದೆ. ಅದಕ್ಕೂ ಮೊದಲು, ಹೇಳಿಕೊಳ್ಳಲು ನಾಚಿಕೆಯಾಗುವ ನಾಲ್ಕು ಮಾತುಗಳಿವೆ.

ವಿಮಾನದ ಪೆಟ್ಟಿಗೆಗಳು ಗೌರಿಬಿದನೂರು ಸ್ಟೇಷನ್ನಿನಲ್ಲಿ ಇಳಿದ ದಿನ ನಿಮಗೆ ನೆನಪಿರಲೇಬೇಕು. ರೆಕ್ಕೆಯ ಪೆಟ್ಟಿಗೆ ಒಂದು ಗಾಡಿಗೆ ಸಾಲದೆ ಎರಡು ಗಾಡಿ ಹಿಂದುಮುಂದು ಕಟ್ಟಿ ಮಧುಗಿರಿಗೆ ಹೊಡೆಸಿದಿರಿ. ಕಡಲೆಕಾಯಿ ಎಣ್ಣೆ ಮಿಲ್ಲಿನವರು ಇಂಗ್ಲೆಂಡಿನಿಂದ ಎರಡು ಸೀಟಿನ ವಿಮಾನ ತರಿಸಿದರೆಂದು ಊರೇ ಬಾಯಿ ಬಿಟ್ಟಿತ್ತು. ‘ಯಜಮಾನ್ರಿಗೆ ಎಣ್ಣೆ ಜಿಡ್ಡು ನೆತ್ತಿಗೇರೈತೆ’ ಅಂದವರೂ ಇದ್ದರು. ಪೆಟ್ಟಿಗೆಯ ಜೊತೆ ಅಲ್ಲಿಯ ಸರ್ಕಾರದ ಯೋಗ್ಯತಾ ಪತ್ರವೂ ಬಂದಿತ್ತು. ಅದೊಂದೇ ಸಾಲದು ಭಾವ, ಜೋಡಿಸಿದ ಮೇಲೆ ಇಲ್ಲಿಯ ಇನ್ಸ್‌ಪೆಕ್ಟರ್ ನೋಡಿ ಹಾರಾಟಕ್ಕೆ ಯೋಗ್ಯ ಎಂದು ಬರೆದುಕೊಡಬೇಕು, ಅಲ್ಲಿಯವರೆಗೆ ಯಾರನ್ನೂ ಕೂರಿಸುವಂತಿಲ್ಲ ಎಂದೆ.

‘ಜಾತ್ಕ ಅಲ್ಲೇ ನೋಡಿ ಕಳ್ಸವ್ರಲ್ಲ, ಇಲ್ಲಿ ಇನ್ನೊಬ್ಬ ಜೋಯಿಸ ಯಾಕ್ಲಾ?’ ಅಂದಿರಿ.

‘ಹಡಗಲ್ಲಿ ಕುಲುಕಾಡಿ ಬಂದೈತೆ ಭಾವ. ಒಂದು ಕೀಲು ಸಡ್ಲ ಆಗಿದ್ರೂ...’

‘ಸರಿ ಬುಡು. ನಿಮ್ಮಕ್ಕ ಕೂರೋ ಗಾಡಿ. ಹತ್ತು ಜನ ನೋಡ್ಲಿ.’

ಮೊದಲ ಸವಾರಿ ಗೌರಕ್ಕನದೇ ಎಂದು ನೀವು ಆಗಲೇ ತೀರ್ಮಾನಿಸಿದ್ದಿರಿ. ಅವಳ ತವರು ಗೌಡಗೆರೆ, ನಿಮ್ಮ ಮಧುಗಿರಿ ಬೆಟ್ಟ, ಎರಡನ್ನೂ ಒಂದೇ ನೋಟಕ್ಕೆ ತೋರಿಸುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದಿರಿ. ವಿಮಾನ ನಡೆಸುವವನು ಪರವೂರಿನ ಗಂಡಸು. ಅವನ ಜೊತೆ ಹೆಂಡತಿಯೊಬ್ಬಳನ್ನೇ ಕಳಿಸುತ್ತಾರಂತೆ ಎಂದು ಯಾರಾದರೂ ಪಿಸುಗುಟ್ಟಿದರೆ ನೀವು ಮೀಸೆಯಲ್ಲೇ ನಗುತ್ತಿದ್ದಿರಿ.

ಆ ಟೋಪಿ ಹೊಲಿಸಿದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ವಿಮಾನದ ಜೊತೆ ಬಂದ ಚರ್ಮದ ಟೋಪಿ ಅಕ್ಕನ ತುರುಬಿನ ಮೇಲೆ ಕೂರಲೇ ಇಲ್ಲ. ನೀವು ಶಿರಾಕ್ಕೆ ಹೋಗಿ, ಕುದುರೆ ಜೀನು ಹೊಲಿಯುವ ಸಾಬರ ಮುಂದೆ ಮುಷ್ಟಿ ಹಿಡಿದು, ತುರುಬು ಇಷ್ಟು ದಪ್ಪ ಎಂದು ತೋರಿಸಿದಿರಿ. ಸಾಬರು ನಿಮ್ಮ ಮುಖ ನೋಡಿ, ನನ್ನ ಮುಖ ನೋಡಿ, ‘ಕುದ್ರೇಗೆ ಹೊಲಿದಿವ್ನಿ ಯಜಮಾನ್ರೆ, ಬೇಗಂಗೆ ಇದೇ ಪೈಲಾ, ಇದೇ ಮೊದ್ಲು’ ಅಂದರು. ಹಿಂದುಗಡೆ ಬೆಲ್ಲದಚ್ಚಿನಷ್ಟು ಜಾಗ ಬಿಟ್ಟು ಹೊಲಿದ ಆ ಟೋಪಿಯನ್ನು ಅಕ್ಕ ಅಡಿಗೆಮನೆಯಲ್ಲೇ ಹಾಕಿಕೊಂಡು ನೋಡಿದಳು. ನೀವು ಬಾಗಿಲಲ್ಲಿ ನಿಂತು ನೋಡುತ್ತಿದ್ದಿರಿ.

ಇನ್ಸ್‌ಪೆಕ್ಟರ್ ಮದರಾಸಿನಿಂದ ಬಂದ ಬೆಳಿಗ್ಗೆಯನ್ನು ಮಾತ್ರ ನೆನೆಸಿಕೊಳ್ಳಲು ಮನಸ್ಸಾಗುವುದಿಲ್ಲ. ತಾವರೆಕೆರೆಯ ಬಯಲಿನಲ್ಲಿ ವಿಮಾನ ಜೋಡಿಸಿ ನಿಲ್ಲಿಸಿದ್ದೆವು. ಅವರು ರೆಕ್ಕೆಯ ಬಟ್ಟೆ ತಟ್ಟಿ ನೋಡಿದರು, ತಂತಿ ಮೀಟಿ ನೋಡಿದರು, ಎಂಜಿನ್ನಿನ ನಂಬರನ್ನು ಪತ್ರದ ನಂಬರಿಗೆ ಹೊಂದಿಸಿದರು. ಎಲ್ಲ ಸರಿಯಿತ್ತು. ಇನ್ನೇನು ಸಹಿ ಹಾಕಬೇಕು, ಅಷ್ಟರಲ್ಲಿ ನೀವು ಮಡಿ ಪಂಚೆಯುಟ್ಟು, ಹಣೆತುಂಬ ವಿಭೂತಿ ಧರಿಸಿ, ತೆಂಗಿನಕಾಯಿ ಹಿಡಿದು ಬಂದಿರಿ. ಹೊಸ ಗಾಡಿಗೆ ನೊಗದ ಮೇಲೆ ಒಡೆದವರು, ಮಿಲ್ಲಿನ ಲಾರಿಗೆ ಮುಂದಿನ ಕಬ್ಬಿಣದ ಮೇಲೆ ಒಡೆದವರು. ವಿಮಾನಕ್ಕೆ ಮುಂದೆ ಇದ್ದದ್ದು ಗಿರಗಿರ ತಿರುಗುವ ಆ ಮರದ ಪಂಖ. ನಾನು ‘ಭಾವ’ ಎನ್ನುವಷ್ಟರಲ್ಲಿ ಕಾಯಿ ಎರಡು ಹೋಳಾಗಿತ್ತು. ಎಲ್ಲರೂ ‘ಹರಹರ’ ಎಂದರು. ಇನ್ಸ್‌ಪೆಕ್ಟರ್ ಮಾತ್ರ ಹತ್ತಿರ ಹೋಗಿ, ಕಾಯಿನೀರು ಒರೆಸಿ, ಪಂಖದ ಅಂಚಿನಲ್ಲಿ ಬೆರಳಾಡಿಸಿದರು. ಕೂದಲೆಳೆಯಷ್ಟು ಬಿರುಕು. ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸೇರಿಸಿಬಿಟ್ಟರು.

ಆಗ ನಾನು ಮಾಡಿದ್ದು ನಿಮಗೆ ಗೊತ್ತೇ ಇದೆ. ‘ಹಳ್ಳಿಯ ಜನ ಸ್ವಾಮಿ, ತಿಳಿವಳಿಕೆ ಸಾಲದು’ ಎಂದು ಅವರಿಗೆ ಇಂಗ್ಲಿಷಿನಲ್ಲಿ ಹೇಳಿ ಹಲ್ಲು ಕಿರಿದೆ. ನಿಮಗೆ ಅರ್ಥವಾಗದೆಂದುಕೊಂಡಿದ್ದೆ. ಹಲ್ಲು ಕಿರಿಯುವುದಕ್ಕೆ ಇಂಗ್ಲಿಷ್ ಯಾಕೆ ಬೇಕು? ವಾಪಸು ಬರುವಾಗ ಗಾಡಿಯಲ್ಲಿ ನೀವಾಗಿಯೇ ‘ಹಳ್ಳಿಯೋನೇ ಕಣ್ಲಾ ನಾನು. ತಪ್ಪು ನಂದೇ. ಬೇರೆ ಪಂಖಕ್ಕೆ ಬರಿ’ ಅಂದಿರಿ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹೊಸ ಪಂಖ ಹಡಗಿನಲ್ಲಿದ್ದಾಗಲೇ ನಿಮಗೆ ಜ್ವರ ಹಿಡಿಯಿತು. ವಿಷಮಶೀತ ಅಂದರು ಡಾಕ್ಟರು. ಕಣ್ಣು ಬಿಟ್ಟಾಗಲೆಲ್ಲ ‘ಬಂತೇನ್ಲಾ?’ ಅನ್ನುತ್ತಿದ್ದಿರಿ. ಪಂಖವೋ, ಇನ್ಸ್‌ಪೆಕ್ಟರೋ, ಪತ್ರವೋ, ಯಾವುದನ್ನು ಕೇಳುತ್ತಿದ್ದಿರೆಂದು ತಿಳಿಯದೆ ‘ಬರ್ತೈತೆ ಭಾವ’ ಎನ್ನುತ್ತಿದ್ದೆ. ನೀವು ಶಿವೈಕ್ಯರಾಗಿ, ಮನೆಯ ನೆಂಟರೆಲ್ಲ ಚದುರಿದ ಮೇಲೆ ಪಂಖ ಬಂತು. ಅದರ ಪೆಟ್ಟಿಗೆ ಬಿಚ್ಚಲು ನನ್ನ ಕೈ ಏಳಲಿಲ್ಲ.

ಆಮೇಲೆ ಮನೆಯ ಹಿರಿಯರು ಪಡಸಾಲೆಯಲ್ಲಿ ಸೇರಿದರು. ನಿಮ್ಮ ಅಣ್ಣ, ಅಂದರೆ ನಮ್ಮ ದೊಡ್ಡ ಭಾವ, ವಿಮಾನ ಮಾರಿಬಿಡೋಣ ಎಂದರು. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ ಭಾವ, ತಲೆಯಾಡಿಸಿದೆ. ಕೊಲಂಬೊದ ಗಿರಾಕಿಯನ್ನು ಹುಡುಕಿದವನೂ ನಾನೇ. ಹೊರದೇಶಕ್ಕೆ ಕಳಿಸುವ ವಿಮಾನಕ್ಕೆ ಮತ್ತೆ ತಪಾಸಣೆ ಆಗಬೇಕು: ಇಲ್ಲಿ ಹಾರಲು ಒಂದು ಪತ್ರ, ಅಲ್ಲಿಯವರಿಗೆ ಒಪ್ಪಿಸಲು ಇನ್ನೊಂದು. ನೀವು ಕೇಳಿ ಕೇಳಿ ಕಣ್ಣು ಮುಚ್ಚಿದ ಪತ್ರಕ್ಕಾಗಿ, ವಿಮಾನವನ್ನು ಊರು ಬಿಡಿಸುವ ಸಲುವಾಗಿ, ನಾನು ಎಷ್ಟು ಚುರುಕಾಗಿ ಓಡಾಡಿದೆ ಗೊತ್ತೇ?

ಹೊಸ ಪಂಖ ಕೂರಿಸಿದ ಮೇಲೆ, ಹೋದ ವಾರ ಪರೀಕ್ಷೆಯ ಹಾರಾಟ ನಡೆಯಿತು. ಪೂರ್ತಿ ಭಾರ ಹೊರಿಸಿ ಹಾರಿಸಬೇಕು, ಆದರೆ ಪತ್ರ ಕೈಗೆ ಬರುವ ಮುಂಚೆ ಜನರನ್ನು ಕೂರಿಸುವಂತಿಲ್ಲ. ಅದಕ್ಕೆ ಒಂದಾಳಿನ ತೂಕದ ಮರಳನ್ನು ನಮ್ಮ ಮಿಲ್ಲಿನ ಗೋಣಿಗೇ ತುಂಬಿ, ಬಾಯಿ ಹೊಲಿದು, ಮುಂದಿನ ಸೀಟಿಗೆ ಬಿಗಿದು ಕಟ್ಟಿದೆ. ಅಕ್ಕ ನನ್ನ ಜೊತೆ ಗಾಡಿಯಲ್ಲಿ ತಾವರೆಕೆರೆಗೆ ಬಂದಿದ್ದಳು. ಮೂಟೆಗೆ ಪಟ್ಟಿ ಬಿಗಿಯುವುದನ್ನು ನೋಡುತ್ತಾ ನಿಂತಿದ್ದಳು.

‘ಪುಟ್ಟೂ, ಮರಳಿಗೆ ಕೂರೋ ಯೋಗ ಐತೆ, ನಂಗಿಲ್ವೇನೋ?’ ಅಂದಳು.

‘ಕಾನೂನು ಒಪ್ಪಲ್ಲ ಕಣಕ್ಕ.’

‘ಪತ್ರ ಬಂದ್ಮೇಲೆ ಒಪ್ತದಾ?’

ನಾನು ಪಟ್ಟಿ ಸರಿಮಾಡುವವನಂತೆ ಬಗ್ಗಿದೆ. ಪತ್ರ ಬಂದ ಮೇಲೆ ಯಾವ ಅಡ್ಡಿಯೂ ಇಲ್ಲವೆಂದು ನನಗೆ ಗೊತ್ತಿತ್ತು. ನನ್ನ ಮನಸ್ಸಿನಲ್ಲಿದ್ದದ್ದು ಕಾನೂನಲ್ಲ. ಗಂಡ ಸತ್ತವಳು ಪರಗಂಡಸಿನ ಜೊತೆ ಆಕಾಶದಲ್ಲಿ ಹೋದಳಂತೆ ಎಂದು ಬಾವಿಕಟ್ಟೆಯಲ್ಲಿ ಆಡಿಕೊಳ್ಳುವುದು ನನಗೆ ಆಗಲೇ ಕೇಳಿಸುತ್ತಿತ್ತು. ನೀವಿದ್ದಾಗ ಅದೇ ಅಕ್ಕ, ಅದೇ ಸೀಟು, ಅದೇ ಪರವೂರಿನವನು. ಆಗ ಮರ್ಯಾದೆಯಾಗಿದ್ದದ್ದು ಈಗ ಹೇಗೆ...

ವಿಮಾನ ಎದ್ದಿತು ಭಾವ. ಬಯಲು ಬಿಟ್ಟು, ಜಾಲಿಮರಗಳ ಮೇಲೆ ಹಾದು, ಮಧುಗಿರಿ ದಿಕ್ಕಿಗೆ ಹೊರಳಿತು. ಜನರೆಲ್ಲ ಕೇಕೆ ಹಾಕಿದರು. ಅಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು, ಅದು ಚುಕ್ಕಿಯಾಗುವವರೆಗೂ ನೋಡಿದಳು. ಆಮೇಲೆ, ‘ನಿಮ್ಮ ಭಾವ ತೋರಿಸ್ತೀನಂದಿದ್ರು. ಮರಳಿಗೆ ಕಣ್ಣೆಲ್ಲೈತೆ ನೋಡಾಕೆ’ ಅಂದು ಗಾಡಿಯ ಕಡೆ ನಡೆದಳು. ಇನ್ಸ್‌ಪೆಕ್ಟರ್ ಪಂಖದ ಬಿರುಕು ಕಂಡು ಪೆನ್ನು ಮುಚ್ಚಿದ ದಿನವೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಅಂದು ನಿಮ್ಮ ಬಗ್ಗೆ ನಾಚಿಕೊಂಡಿದ್ದೆ, ಈಗ ನನ್ನ ಬಗ್ಗೆ.

ನಿನ್ನೆ ಪತ್ರಗಳೆರಡೂ ಬಂದವು. ಅಕ್ಕನಿಗೆ ತೋರಿಸಿದೆ. ಅವಳು ಒಳಗೆ ಹೋಗಿ, ಗೂಟದಲ್ಲಿದ್ದ ಆ ಟೋಪಿ ತಂದು, ‘ಇದ್ನೂ ಜೊತೇಗೆ ಕಳ್ಸು, ಅಲ್ಲಿ ಯಾರ್ಗಾರ ಆಗ್ತದೆ’ ಎಂದು ನನ್ನ ಮಡಿಲಲ್ಲಿಟ್ಟಳು. ಅದರ ಹಿಂಬದಿಯ ಉಬ್ಬಿನ ಮೇಲೆ ಕೈಯಿಟ್ಟಾಗ ನಿಮ್ಮ ಮುಷ್ಟಿ ನೆನಪಾಯಿತು. ಕೊಲಂಬೊದಲ್ಲಿ ಯಾರಿಗೆ ಆಗುತ್ತದೆ ಭಾವ ಅದು?

ಟೋಪಿ ಹಿಡಿದುಕೊಂಡೇ ದೊಡ್ಡ ಭಾವನವರ ಹತ್ತಿರ ಹೋದೆ. ವಿಮಾನ ಊರು ಬಿಡುವಾಗ ಅಕ್ಕನೂ ಅದರಲ್ಲಿ ಕೂತು ಹೋಗಲಿ ಎಂದೆ. ‘ಜನ ಏನಂದಾರ್ಲಾ?’ ಅಂದರು. ‘ಅಂದದ್ದೆಲ್ಲ ನನ್ಗೇ ಅನ್ಲಿ, ನಾನು ಕೇಳಿಸ್ಕಂತೀನಿ’ ಅಂದೆ. ಅವರು ಬಾಯಿಯ ಎಲೆಯಡಿಕೆ ಉಗುಳಿ, ‘ಅವ್ನಿದ್ದಿದ್ರೆ ನನ್ನ ಕೇಳ್ತಾನೇ ಇರ್ಲಿಲ್ಲ’ ಎಂದು ಎದ್ದುಹೋದರು. ಅದನ್ನು ಒಪ್ಪಿಗೆ ಎಂದುಕೊಂಡಿದ್ದೇನೆ. ಅಲ್ಲದಿದ್ದರೂ ಅಷ್ಟೇ.

ಸೋಮವಾರ ಬೆಳಿಗ್ಗೆ ವಿಮಾನ ಬೆಂಗಳೂರಿಗೆ ಹಾರುತ್ತದೆ. ಅಲ್ಲಿಂದ ಮುಂದೆ ಅದು ಕೊಲಂಬೊದವರದು. ಮೊದಲು ಗೌಡಗೆರೆ, ಆಮೇಲೆ ಬೆಟ್ಟ ಸುತ್ತಿ ಹೋಗಬೇಕೆಂದು ಪೈಲಟ್‌ಗೆ ಹೇಳಿದ್ದೇನೆ. ಬೆಂಗಳೂರಿನಿಂದ ಅಕ್ಕನನ್ನು ಬಸ್ಸಿನಲ್ಲಿ ಕರೆತರಲು ನಾನು ಭಾನುವಾರವೇ ಹೊರಡಬೇಕಿತ್ತು, ಆದರೆ ದೊಡ್ಡ ಭಾವನವರ ಮಗನನ್ನು ಕಳಿಸುತ್ತಿದ್ದೇನೆ. ಯಾಕೆಂದರೆ ತಾವರೆಕೆರೆಯಲ್ಲಿ ತೆಂಗಿನಕಾಯಿ ಒಡೆಯಬೇಕಾದವನು ನಾನು. ಇನ್ಸ್‌ಪೆಕ್ಟರ್ ಇರಲಿ, ಯಾರೇ ಇರಲಿ, ಪಂಖದಿಂದ ದೂರ, ಕಲ್ಲಿನ ಮೇಲೆ ಒಡೆಯುತ್ತೇನೆ.

ಇವತ್ತು ಸಂಜೆ ಬಯಲಿಗೆ ಹೋಗಿ ಪಟ್ಟಿ ಬಿಚ್ಚಿ, ಗೋಣಿಯ ಹೊಲಿಗೆ ಕಿತ್ತು, ಮರಳೆಲ್ಲ ಸುರಿದು ಬಂದೆ. ಮುಂದಿನ ಸೀಟು ಒರೆಸಿ, ಟೋಪಿಯನ್ನು ಅದರ ಮೇಲಿಟ್ಟಿದ್ದೇನೆ.

ನಿಮ್ಮ
ಪುಟ್ಟಪ್ಪ