ನಾನೂರ ಹದಿನೇಳನೇ ಸಲಹೆಯ ಬಗ್ಗೆ

ಮೂರನೇ ನವನಗರ
ಫೆಬ್ರುವರಿ ೩೦, ೨೨೯೧

ಮಾನ್ಯ ಸುಗಂಧಾ ಹಂಚಿನಮನಿ ಟೀಚರ್ ಅವರಿಗೆ,

ಮೇಲಿನ ತಾರೀಖು ನೋಡಿ, ಬರೆದವಳಿಗೆ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಡಿ. ನಮ್ಮಲ್ಲಿ ಫೆಬ್ರುವರಿಗೂ ಮೂವತ್ತು ದಿನ, ಉಳಿದೆಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದನ್ನು ವರ್ಷದ ಕೊನೆಗೆ ಒಟ್ಟು ಹಾಕಿ ‘ಉಳಿಕೆ’ ಎನ್ನುತ್ತೇವೆ. ನಿಮ್ಮ ಕಾಲದವರೇ ಒಬ್ಬರು, ಯಾವ ತಿಂಗಳಿಗೆ ಎಷ್ಟು ದಿನ ಎಂದು ಬೆರಳ ಗೆಣ್ಣು ಎಣಿಸಿ ಸಾಕಾಗಿದೆ, ಹೊಸಬರಿಗೆ ಕ್ಯಾಲೆಂಡರ್ ಸುಲಭ ಮಾಡಿಕೊಡಿ ಎಂದು ಅರವತ್ತೆರಡನೇ ಸಲಹೆಯಲ್ಲಿ ಕೇಳಿದ್ದರು. ಮಾಡಿಕೊಟ್ಟರು. ನನ್ನ ಭಾಷೆಯೂ ನಿಮಗೆ ವಿಚಿತ್ರ ಅನಿಸಬಹುದು, ಕ್ಷಮೆ ಇರಲಿ. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ನಾನು ಕಲಿತದ್ದು ನಿಮ್ಮೆಲ್ಲರ ಸಲಹೆಗಳನ್ನು ಓದಿ. ಹೀಗಾಗಿ ಎರಡು ಮಾತಿಗೊಮ್ಮೆ ‘ದಯವಿಟ್ಟು ಸರಿಪಡಿಸಿ’ ಎಂಬ ಧಾಟಿ ನುಸುಳುತ್ತದೆ.

ನನ್ನ ಹೆಸರು ನೀಲಗಂಗವ್ವ. ಈ ಊರಿನ ಸಲಹೆ ಓದುವವಳು ನಾನು. ಇಂಥದೊಂದು ನೌಕರಿ ಇರುತ್ತದೆಯೇ ಎಂದು ನೀವು ನಗಬಹುದು. ನೀವು ನಿಮ್ಮ ಹಳೆಯ ಲ್ಯಾಪ್‌ಟಾಪಿಗೆ ಹಾಕಿಸಿಕೊಂಡಿದ್ದ ‘ಹೊಂಗೆ’ ನೆನಪಿರಬೇಕಲ್ಲ? ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಬಳಗದಲ್ಲಿ ಹುಟ್ಟಿದ, ಕಂಪ್ಯೂಟರ್ ಮುಟ್ಟಲು ಹೆದರುವವರಿಗಾಗಿಯೇ ನಾಲ್ಕು ಜನ ಬಿಡುವಿನ ವೇಳೆಯಲ್ಲಿ ಕಟ್ಟಿದ ಆ ಡೆಸ್ಕ್‌ಟಾಪು. ಅದೀಗ ನಮ್ಮ ಊರು. ಉತ್ಪ್ರೇಕ್ಷೆ ಅಲ್ಲ ಟೀಚರ್. ಬೆಳಿಗ್ಗೆ ಓಣಿಗೆ ನೀರು ಬಿಡುವುದು ಹೊಂಗೆ, ಬಾಗಿಲು ತೆಗೆಯುವುದು ಹೊಂಗೆ, ರೊಟ್ಟಿ ಒಲೆ ಎಷ್ಟು ಕಾಯಬೇಕು ಎಂದು ತೀರ್ಮಾನಿಸುವುದೂ ಅದೇ. ಎಲ್ಲಿಯೂ ಗುಂಡಿಯಿಲ್ಲ, ಹಿಡಿಕೆಯಿಲ್ಲ. ಮನೆಯ ಒಂದು ಗೋಡೆ ತಿಳಿ ಹಸಿರಿಗೆ ತಿರುಗಿದರೆ ಎಲ್ಲ ಸರಿಯಾಗಿದೆ ಎಂದರ್ಥ. ನನ್ನ ಜೀವಮಾನದಲ್ಲಿ ಅದು ಬೇರೆ ಬಣ್ಣಕ್ಕೆ ತಿರುಗಿದ್ದನ್ನು ನಾನು ನೋಡಿಲ್ಲ. ಕೆಂಪು ಬಣ್ಣ ಬಂದರೆ ಎದೆ ಧಸಕ್ ಅನ್ನುತ್ತದೆ, ತೆಗೆದುಬಿಡಿ ಎಂದು ನಿಮ್ಮವರು ಕೇಳಿದ್ದರು.

ಹೊಂಗೆಯನ್ನು ಒಳಗಿನಿಂದ ಬಲ್ಲವರು ಈಗ ಯಾರೂ ಇಲ್ಲ. ಒಳಗೆ ಹೋಗುವ ದಾರಿಯೂ ಇಲ್ಲ. ಟರ್ಮಿನಲ್ ಎಂಬ ಕಪ್ಪು ಕಿಟಕಿಯೊಂದು ಇತ್ತಂತೆ, ಅದರಲ್ಲಿ ಬರೆದು ಏನು ಬೇಕಾದರೂ ಹೇಳಬಹುದಿತ್ತಂತೆ. ಅದನ್ನು ಮೊದಲು ಮೂಲೆಗೆ ಸರಿಸಿದರು, ಆಮೇಲೆ ಅಡಗಿಸಿದರು, ಆಮೇಲೆ ಅಡಗಿಸಿದ್ದನ್ನೇ ಮರೆತರು. ನಮಗೆ ಉಳಿದಿರುವುದು ಸಲಹೆ ಬರೆಯುವ ಫಾರ್ಮು ಒಂದೇ. ನಾವು ಬರೆಯುತ್ತೇವೆ. ‘ನಿಮ್ಮ ಸಲಹೆ ಪರಿಶೀಲನೆಯಲ್ಲಿದೆ, ಧನ್ಯವಾದ’ ಎಂದು ಗೋಡೆಯ ಮೇಲೆ ಬರುತ್ತದೆ. ಪರಿಶೀಲಿಸಬೇಕಾದವರ ಕುರ್ಚಿ ಖಾಲಿಯಾಗಿ ತೊಂಬತ್ತು ವರ್ಷವಾಯಿತು. ಒಂದು ವರ್ಷ ಕಾದು ಆ ಸಲಹೆ ಉದುರಿಹೋಗುತ್ತದೆ. ನಿಮ್ಮ ಕಾಲದವು ಮಾತ್ರ ಒಪ್ಪಿಗೆಯಾಗಿ ಶಾಶ್ವತವಾಗಿ ಉಳಿದಿವೆ. ಅವನ್ನು ಓದಿ, ಹೊಂಗೆ ಯಾಕೆ ಹೀಗೆ ನಡೆದುಕೊಳ್ಳುತ್ತದೆ ಎಂದು ಜನರಿಗೆ ವಿವರಿಸಿ ಸಮಾಧಾನ ಹೇಳುವುದು ನನ್ನ ಕೆಲಸ. ಸರಿಪಡಿಸುವುದು ಯಾರ ಕೆಲಸವೂ ಅಲ್ಲ.

ನಿಮ್ಮ ಸಲಹೆಗಳು ಒಟ್ಟು ಇಪ್ಪತ್ತಮೂರು. ಇಷ್ಟು ವರ್ಷ ಓದಿ ಓದಿ ನೀವು ನನಗೆ ಮನೆಯವರೇ ಆಗಿಬಿಟ್ಟಿದ್ದೀರಿ. ಗದಗಿನಲ್ಲಿ ಹೊಲಿಗೆ ಟೀಚರ್ ಆಗಿ ನಿವೃತ್ತರಾದದ್ದು, ಅಕ್ಷರ ದೊಡ್ಡದು ಮಾಡಿ ಎಂದು ಮೂರು ಸಲ ಕೇಳಿದ್ದು, ಪ್ರಿಂಟರ್ ಹಚ್ಚಿದ ಕೂಡಲೇ ಗುರುತು ಹಿಡಿಯಲಿ, ‘ನಾನೇನು ಅದಕ್ಕೆ ಹೊಸಬಳೇ’ ಎಂದು ಸಿಟ್ಟಾದದ್ದು, ಎಲ್ಲ ಗೊತ್ತು. ನಿಮಗೆ ಉತ್ತರ ಬರೆಯುತ್ತಿದ್ದ ರಫೀಕ್ ನದಾಫ ಎಂಬ ಹುಡುಗನ ತಾಳ್ಮೆಯೂ ಗೊತ್ತು. ಪ್ರತಿ ಸಲವೂ ಅವನದು ಒಂದೇ ಉತ್ತರ: ‘ಆಗ್ಲಿ ಬಿಡ್ರಿ ಟೀಚರ್, ಮುಂದಿನ ಆವೃತ್ತಿಯೊಳಗ ಹಾಕ್ತೀನಿ.’ ಹಾಕಿಯೂ ಹಾಕುತ್ತಿದ್ದ. ಬಿಡುವಿನ ಹೊತ್ತನ್ನೆಲ್ಲ ಅಪರಿಚಿತರಿಗಾಗಿ ಸವೆಸಿದ ಆ ಹುಡುಗನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ನಿಮ್ಮ ಮೇಲೆ ಬರುತ್ತದೆ, ಆಮೇಲೆ ಹೋಗುತ್ತದೆ.

ನಾನೂರ ಹದಿನೇಳನೇ ಸಲಹೆ ನಿಮ್ಮದು. ಅದು ನನಗೆ ಬಾಯಿಪಾಠ. ‘ನನ್ನ ಕಂಪ್ಯೂಟರ್ ತುಂಬಿದೆ ಎಂದು ದಿನಾ ಎಚ್ಚರಿಕೆ ಬರುತ್ತದೆ. ಯಾವುದನ್ನು ಅಳಿಸಲಿ ಎಂದು ಕೇಳುತ್ತದೆ. ನನಗೇನು ಗೊತ್ತು? ನನ್ನನ್ನು ಕೇಳಬೇಡಿ. ಕೇಳಿದರೆ ನನಗೆ ಪರೀಕ್ಷೆಗೆ ಕೂತಂತೆ ಆಗುತ್ತದೆ. ಹನ್ನೆರಡು ವರ್ಷ ಮುಟ್ಟದೇ ಇದ್ದದ್ದು ಯಾರಿಗೆ ಬೇಕು? ನೀವೇ ಗುಡಿಸಿಬಿಡಿ.’ ಅದರ ಕೆಳಗೆ ನಲವತ್ತು ಮಂದಿ ‘ನನಗೂ ಬೇಕು’ ಎಂದು ಒತ್ತಿದ್ದಾರೆ. ಅದಾದ ಮೇಲೆ ಬೇರೊಬ್ಬರು, ಗುಡಿಸಲಿಕ್ಕೆ ತೆಗೆದಿಟ್ಟದ್ದು ಮತ್ತೆ ಕಣ್ಣಿಗೆ ಬಿದ್ದರೆ ಗೊಂದಲವಾಗುತ್ತದೆ, ತೋರಿಸಬೇಡಿ ಎಂದರು. ಇನ್ನೊಬ್ಬರು, ಎಷ್ಟು ಜಾಗ ಉಳಿಯುತ್ತದೆ ಎಂದಷ್ಟೇ ಹೇಳಿದರೆ ಖುಷಿಯಾಗುತ್ತದೆ ಎಂದರು. ಒಂದೊಂದನ್ನೇ ಓದಿದರೆ ಯಾವುದರಲ್ಲೂ ತಪ್ಪಿಲ್ಲ.

ಈಗ ನಮ್ಮ ಪದ್ಧತಿಯೊಂದನ್ನು ಹೇಳಬೇಕು. ಪ್ರತಿ ಮನೆಯಲ್ಲೂ ಒಂದು ನುಡಿಗೂಡು ಇರುತ್ತದೆ. ಮನೆಯವರ ದನಿಗಳನ್ನು ಹೊಂಗೆ ಅದರಲ್ಲಿ ಕಾಪಿಡುತ್ತದೆ. ಹನ್ನೆರಡು ವರ್ಷದ ಹಿಂದೆ ಈ ಊರಿಗೆ ಕೆಮ್ಮಿನ ಬೇನೆ ಬಂದು ಮುನ್ನೂರು ಮಂದಿ ಹೋದರು, ಹೆಚ್ಚಿನವರು ಮಕ್ಕಳು. ಆಮೇಲೆ ಜನ ಹೊಲ, ಅಡಿಗೆ ಎಲ್ಲ ಬಿಟ್ಟು ಗೂಡಿನ ಮುಂದೆಯೇ ಕೂತರು. ಸತ್ತವರ ದನಿ ಕೇಳುವುದು, ಅಳುವುದು, ಮತ್ತೆ ಕೇಳುವುದು. ಹೀಗೇ ಆದರೆ ಉಳಿದವರೂ ಉಳಿಯುವುದಿಲ್ಲ ಎಂದು ಹಿರಿಯರೆಲ್ಲ ಸೇರಿ ‘ಮಾತುಮುಚ್ಚು’ ಎಂಬ ಕಟ್ಟಳೆ ಮಾಡಿದರು. ಸತ್ತವರ ದನಿಯನ್ನು ಹನ್ನೆರಡು ವರ್ಷ ಯಾರೂ ತೆರೆಯುವಂತಿಲ್ಲ. ಹನ್ನೆರಡು ತುಂಬಿದ ಮರುದಿನ ನೆಂಟರಿಷ್ಟರನ್ನು ಕರೆದು, ಹೋಳಿಗೆ ಮಾಡಿ, ಎಲ್ಲರೂ ಕೂತು ಕೇಳಬೇಕು. ಅಷ್ಟು ಹೊತ್ತಿಗೆ ದುಃಖ ಹಣ್ಣಾಗಿರುತ್ತದೆ ಎಂಬ ನಂಬಿಕೆ. ಒಳ್ಳೆಯ ಕಟ್ಟಳೆ, ಜನ ಮತ್ತೆ ಹೊಲಕ್ಕೆ ಹೋದರು. ಆ ಸಭೆಯಲ್ಲಿ ನಾನೂ ಇದ್ದೆ, ಕೈ ಎತ್ತಿದ್ದೆ. ನಿಮ್ಮ ಸಲಹೆಯನ್ನು ಅದಾಗಲೇ ಐದಾರು ಸಲ ಓದಿದ್ದವಳು, ಈ ಊರಿನಲ್ಲಿ ಅದನ್ನು ಓದಿದ್ದವಳು ನಾನೊಬ್ಬಳೇ. ಹನ್ನೆರಡು ವರ್ಷ ಮುಟ್ಟದ್ದನ್ನು ಹೊಂಗೆ ಗುಡಿಸುತ್ತದೆ, ನಾವು ತೆರೆಯುವುದು ಅದರ ಮರುದಿನ; ಎರಡಕ್ಕೂ ಗಂಟು ಬೀಳುತ್ತದೆ ಎಂದು ನನ್ನ ಮಂದ ಬುದ್ಧಿಗೆ ಹೊಳೆಯಲಿಲ್ಲ.

ಆ ಬೇನೆಯಲ್ಲಿ ಮೊದಲು ಹೋದವಳು ನನ್ನ ಮಗಳು ಹೊಳೆವ್ವ. ಆರು ವರ್ಷ. ಅವಳ ದನಿ ನಮ್ಮ ಗೂಡಿನಲ್ಲಿ ಇರುವುದು ಒಂದೇ. ಅವಳಿಗೆ ಗೋಡೆಯೊಂದಿಗೆ ಮಾತಾಡುವುದೆಂದರೆ ನಾಚಿಕೆ, ಒಂದು ಸಂಜೆ ಮಾತ್ರ ಶಾಲೆಯಿಂದ ಓಡಿ ಬಂದವಳು ಮೈಮರೆತು ಮಾತಾಡಿದ್ದಳು. ಅವಳು ಹೋದ ದಿನ ಒಮ್ಮೆ ಕೇಳಿದೆವು, ಆಮೇಲೆ ಧೈರ್ಯವಾಗಲಿಲ್ಲ, ಅಷ್ಟರಲ್ಲಿ ಕಟ್ಟಳೆ ಬಂತು. ಮೂರನೇ ವರ್ಷ ನನ್ನ ಗಂಡ ಗುರುಶಾಂತ ಗೂಡಿನ ಮುಂದೆ ನಿಂತು, ‘ಒಂದ ಸಲ ಕೇಳೂಣು, ನೀಲಾ. ಯಾರಿಗಿ ಗೊತ್ತಾಗ್ತೈತಿ?’ ಎಂದ. ನಾನು ಬಿಡಲಿಲ್ಲ. ‘ಊರಿಗೆಲ್ಲಾ ಒಂದು, ನಮಗೊಂದು ಏನು? ಸಲಹಿ ಓದಾಕಿ ಮನ್ಯಾಗ ಹಿಂಗ ಮಾಡಿದ್ರ ಮಂದಿ ಏನಂದಾರು?’ ಎಂದು ಜೋರು ಮಾಡಿದೆ. ಅವನು ಕೈ ಹಿಂದಕ್ಕೆ ತೆಗೆದ. ಅಂದು ಒಮ್ಮೆ ತೆರೆದಿದ್ದರೆ ಹೊಂಗೆಯ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಮೊನ್ನೆ ಗೋಡೆಯ ಮೇಲೆ ಹೂವಿನ ಚಿತ್ರದ ಜೊತೆ ಒಂದು ಸಾಲು ಬಂತು: ‘ಅಭಿನಂದನೆಗಳು! ಮಾರ್ಚ್ ಎರಡರಂದು ನಿಮ್ಮ ನುಡಿಗೂಡಿನಲ್ಲಿ ಒಂದೂವರೆ ನಿಮಿಷದಷ್ಟು ಜಾಗ ಉಳಿಯಲಿದೆ.’ ಏನು ಗುಡಿಸುತ್ತೀಯ ಎಂದು ಕೇಳಲು ಗೂಡಿಗೆ ಹೋದೆ. ಹೊಳೆವ್ವನ ಹೆಸರು ಇದ್ದ ಜಾಗ ಖಾಲಿ. ತೆಗೆದಿಟ್ಟಾಗಿದೆ, ಇನ್ನು ತೋರಿಸುವುದಿಲ್ಲ. ಕಟ್ಟಳೆ ಮುರಿದರೂ ಸರಿ ಎಂದು ಅವಳ ಹೆಸರನ್ನು ಕೂಗಿ ಕೂಗಿ ಕೇಳಿದೆ. ಗೋಡೆ ತಿಳಿ ಹಸಿರಾಗಿಯೇ ಇತ್ತು. ಸಲಹೆ ಬರೆದೆ, ಪರಿಶೀಲನೆಯಲ್ಲಿದೆ ಎಂದಿತು. ಓಣಿಯವರನ್ನೆಲ್ಲ ಕರೆದು ಎಪ್ಪತ್ತು ಮಂದಿಯಿಂದ ಬರೆಸಿದೆ, ಎಪ್ಪತ್ತು ಧನ್ಯವಾದ ಬಂತು. ಅವರ ಮನೆಗಳಲ್ಲೂ ಇದೇ ಆಗಲಿದೆ, ಇನ್ನು ಕೆಲವೇ ವಾರ. ಅವರು ಇವತ್ತೇ ಗೂಡು ತೆರೆದು ಎಣಿಕೆ ಮುರಿಯಬಹುದು, ಹಾಗೆ ಮಾಡಿ ಎಂದು ಮನೆಮನೆಗೆ ಹೋಗಿ ಹೇಳಿ ಬಂದಿದ್ದೇನೆ. ನನ್ನದೊಂದು ಮಾತ್ರ ಕೈಮೀರಿದೆ. ಗುರುಶಾಂತ ಗೋಡೆ ಒಡೆಯಲು ಹಾರೆ ಹಿಡಿದು ನಿಂತಿದ್ದ. ದನಿ ಇರುವುದು ಗೋಡೆಯಲ್ಲಿ ಅಲ್ಲ, ಎಲ್ಲಿದೆ ಎಂಬುದು ನನಗೂ ಗೊತ್ತಿಲ್ಲ ಎಂದೆ. ಹಾರೆ ಕೆಳಗಿಟ್ಟ. ಮೂರನೇ ವರ್ಷದ ಮಾತನ್ನು ಅವನು ಎತ್ತಲೇ ಇಲ್ಲ. ಎತ್ತಿ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಈ ಕಾಗದ ನಿಮಗೆ ಹೇಗೆ ಬಂತು ಎಂದರೆ, ಸಲಹೆಯ ಫಾರ್ಮಿನಲ್ಲಿ ತಾರೀಖಿನ ಮನೆಯೊಂದಿದೆ. ಅಲ್ಲಿ ಯಾವ ತಾರೀಖು ಹಾಕಿದರೂ ಹೊಂಗೆ ತಕರಾರು ಮಾಡುವುದಿಲ್ಲ. ತಪ್ಪು ತಾರೀಖು ಎಂದು ಬೈಸಿಕೊಂಡು ಬೇಜಾರಾಗಿದೆ ಎಂದು ನಿಮ್ಮವರೊಬ್ಬರು ದೂರಿದ್ದರು. ಹಾಗಾಗಿ ನಿಮ್ಮ ಸಲಹೆಯ ಹಿಂದಿನ ದಿನದ ತಾರೀಖು ಹಾಕುತ್ತಿದ್ದೇನೆ. ಇದು ಪಟ್ಟಿಯಲ್ಲಿ ನಿಮ್ಮದಕ್ಕಿಂತ ಒಂದು ಸಾಲು ಮೇಲೆ ಕೂರುತ್ತದೆ. ಹಿಂದಿನ ಕಾಲಕ್ಕೆ ನಿಜವಾಗಿ ಮುಟ್ಟುತ್ತದೆಯೋ, ಬರೀ ಪಟ್ಟಿಯಲ್ಲಿ ಕೂರುತ್ತದೆಯೋ, ನನಗೆ ತಿಳಿಯದು. ಮುಟ್ಟಿದರೆ, ಟೀಚರ್, ನಾಳೆ ನೀವು ಬರೆಯುವಾಗ ಒಂದೇ ಒಂದು ಮಾತು ಸೇರಿಸಿ. ಗುಡಿಸುವ ಮೊದಲು ಒಮ್ಮೆ ಕೇಳಿ, ಎಂದು. ಪ್ರಶ್ನೆಗಳೆಂದರೆ ನಿಮಗೆ ಹೆದರಿಕೆ, ಗೊತ್ತು. ಒಂದೇ ಪ್ರಶ್ನೆ. ರಫೀಕ್ ಇಲ್ಲ ಅನ್ನುವ ಹುಡುಗನಲ್ಲ.

ಆದರೆ ನಾನು ದಡ್ಡಿಯಲ್ಲ. ನೀವು ಆ ಮಾತು ಸೇರಿಸಿದ್ದರೆ ಈ ಹೊತ್ತಿಗೆ ನಮ್ಮ ಗೋಡೆಯ ಮೇಲೆ ಪ್ರಶ್ನೆ ಬರಬೇಕಿತ್ತು, ನಾನು ಬೇಡ ಎಂದು ಹೇಳಿ ಹೋಳಿಗೆಗೆ ಕಡಲೆಬೇಳೆ ನೆನೆಹಾಕುತ್ತಿರಬೇಕಿತ್ತು. ಕಾಗದ ಬರೆಯುತ್ತಾ ಕೂತಿದ್ದೇನೆ ಎಂದರೆ ಏನಾಗಿದೆ ಎಂದು ನಿಮಗೂ ಅರ್ಥವಾಗುತ್ತದೆ. ಸಾಲು ಸಾಲಿಗೂ ತಲೆ ಎತ್ತಿ ನೋಡುತ್ತಿದ್ದೇನೆ. ಹಸಿರೇ ಇದೆ.

ಆದ್ದರಿಂದ ಇನ್ನೊಂದು ಕೋರಿಕೆ, ಇದು ನಿಮ್ಮ ಕೈಲಾಗುವಂಥದು. ನಿಮ್ಮ ಕಾಲದ ತಾರೀಖು ಹೊತ್ತ ಯಾವ ಸಲಹೆಯನ್ನೂ ಹೊಂಗೆ ಎಂದೂ ಗುಡಿಸುವುದಿಲ್ಲ. ನನ್ನ ಮಗಳು ಹೇಳಿದ್ದನ್ನು ನನಗೆ ನೆನಪಿರುವಷ್ಟು ಇಲ್ಲಿ ಬರೆಯುತ್ತೇನೆ. ಇದನ್ನೂ ಒಂದು ಸಲಹೆ ಎಂದೇ ಇಟ್ಟುಕೊಳ್ಳಿ, ಯಾರೂ ಒಪ್ಪದಿದ್ದರೂ ನೀವೊಬ್ಬರು ‘ನನಗೂ ಬೇಕು’ ಎಂದು ಒತ್ತಿ.

‘ಅವ್ವಾ, ನೀ ನಡುವ ಮಾತಾಡಬ್ಯಾಡ, ನಾ ಹೇಳ್ತೀನಿ. ಇವತ್ತ ಸಾಲ್ಯಾಗ ಕಪ್ಪಿ ಬಂದಿತ್ತು. ಇಷ್ಟ ದೊಡ್ಡದು. ಟೀಚರ್ ಅಕ್ಕಾರು ಬೆಂಚಿನ ಮ್ಯಾಲ ಹತ್ತಿ ನಿಂತ್ರು. ಎಲ್ಲಾರೂ ಒದರಿದ್ರು, ನಾ ಒದರಲಿಲ್ಲ. ನಾ ಅದನ್ನ ಹಿಡದೆ. ಅದರ ಹೊಟ್ಟಿ ಹಿಂಗ, ಹಿಂಗ ಆಗಾಕತ್ತಿತ್ತು.’ ಆಮೇಲೆ ನಗುತ್ತಾಳೆ. ನಕ್ಕ ಮೇಲೆ ಇನ್ನೂ ಏನೋ ಇದೆ, ಒಂದು ಅರ್ಧ ನಿಮಿಷದಷ್ಟು. ಅದು ನನಗೆ ನೆನಪಿಲ್ಲ.

ಗುರುಶಾಂತ ಪಕ್ಕದಲ್ಲೇ ಕೂತು ಇದನ್ನು ಓದಿದ. ಅವಳು ‘ಹಿಡದೆ’ ಅನ್ನಲಿಲ್ಲ, ‘ಹಿಡೀಬೇಕಂತ ಮಾಡಿದ್ದೆ’ ಅಂದಳು, ಅಷ್ಟರಲ್ಲಿ ಕಪ್ಪೆ ಹಾರಿಹೋಯಿತು ಎನ್ನುತ್ತಾನೆ. ಹಿಡಿಯದಿದ್ದರೆ ಹೊಟ್ಟೆಯ ಮಾತು ಎಲ್ಲಿಂದ ಬಂತು ಎಂದು ನಾನು. ದೂರದಿಂದ ನೋಡಿರಬಹುದು ಎಂದು ಅವನು. ಬೆಳಿಗ್ಗೆಯಿಂದ ಇದೇ ಜಗಳ. ಮಾರ್ಚ್ ಎರಡರ ಮೇಲೆ ಇದನ್ನು ತೀರಿಸಿಕೊಡುವವರು ಯಾರೂ ಇರುವುದಿಲ್ಲ. ಹಿಡಿದಳೆಂದೇ ಇರಲಿ, ಟೀಚರ್. ತಿದ್ದಬೇಡಿ.

ನಿಮ್ಮ ವಿಶ್ವಾಸಿ,
ನೀಲಗಂಗವ್ವ