ಕಲ್ಲಿನ ಮೇಲಿನ ಆ ಸಾಲು

ದೊಡ್ಡ ಇಂಜಿನಿಯರ್ ಸಾಹೇಬರಿಗೆ,

ತೀರಿಹೋದ ನನ್ನ ತಮ್ಮನ ನೆನಪಿಗೆ ನೀವು ಸೇತುವೆಯ ಮೇಲೆ ನಿಲ್ಲಿಸಿರುವ ಕಲ್ಲನ್ನು ನೋಡಿ ಬಂದೆ. "ಮನೆಮಠ ಮರೆತು ದುಡಿದ ಇಂಜಿನಿಯರ್" ಅಂತ ಕೆತ್ತಿಸಿದ್ದೀರಲ್ಲ, ಯಾರ್ರೀ ಹೇಳಿದ್ದು ನಿಮಗೆ?

ಸೇತುವೆ ಬದಿಯ ಕಂಬಿಗಳ ಸಂದು ಅಗಲವಿರಲಿ, ಕಬ್ಬಿಣ ಉಳಿಯುತ್ತೆ ಅಂದವರು ನೀವು. ಅವನು ಎರಡು ವರ್ಷದ ಮಗಳನ್ನು ಎತ್ತಿಕೊಂಡು ಬಂದು, ಅವಳ ತಲೆ ತೂರದಷ್ಟು ಒತ್ತಾಗಿ ಕಂಬಿ ಹಾಕಿಸಿದ. "ಇದು ಶಿಶುವಿಹಾರವೇನಯ್ಯಾ?" ಅಂತ ಎಲ್ಲರೆದುರು ಗದರಿದಿರಿ. "ಇವಳೇ ಸಾರ್ ನನ್ನ ಅಳತೆಪಟ್ಟಿ" ಅಂದನಂತೆ.

ಆ ಮಗಳಿಗೆ ಈಗ ಓದೋಕೆ ಬರುತ್ತೆ. ಭಾನುವಾರ ಕಲ್ಲಿನ ಪರದೆ ಸರಿಸೋಕೆ ಅವಳನ್ನೇ ಕರೆದಿದ್ದೀರಿ. ಅಪ್ಪ ನನ್ನನ್ನು ಮರೆತಿದ್ದ ಅಂತ ಅವಳು ಓದಬೇಕಾ?

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬೇರೆ ಸಾಲು ಬರೆದುಕೊಡೋಕೆ ಬರಲ್ಲ. ಇದನ್ನು ಉಜ್ಜಿ ತೆಗೆಸಿ, ಹೆಸರೊಂದೇ ಇರಲಿ. ಶನಿವಾರ ಬಂದು ನೋಡುತ್ತೇನೆ.

ಇನ್ನೂ ಸಿಟ್ಟಿನಲ್ಲಿರುವ,
ಅವನ ಅಕ್ಕ