ಮೂರನೆಯ ಸಲ ಬರುವ ಮುನ್ನ

ಪಿಸ್ಕಾಟವೇ, ನ್ಯೂಜೆರ್ಸಿ
೨೫ ಸೆಪ್ಟೆಂಬರ್ ೨೦೨೫

ಬಸವಕಿರಣ್‌ಗೆ,

ಸಂಸಾರ ಮಾಡಿದಷ್ಟು ವರ್ಷವೂ ‘ನೀವು’ ಎಂದೇ ಕರೆದೆ. ಡಿವೋರ್ಸ್ ಆದಮೇಲೂ ನಾಲಿಗೆ ಹೊರಳಲಿಲ್ಲ. ಇವತ್ತು ಹೊರಳಿದೆ. ಇನ್ನು ಮೇಲೆ ನೀನು, ಅಷ್ಟೇ.

ಮೊದಲ ಸಲ ನೀನು ಫೋನಿನಲ್ಲಿ ಕ್ಷಮೆ ಕೇಳಿದೆ, ನಾನು ಒಲ್ಲೆ ಎಂದೆ. ಕಳೆದ ವಾರ ಮೂವರು ಗೆಳೆಯರನ್ನು ಕಟ್ಟಿಕೊಂಡು ಬಾಗಿಲಿಗೇ ಬಂದೆ. ಆಗಲೂ ನಾನು ಒಲ್ಲೆ ಎಂದೆ. ಭಾನುವಾರ ಮತ್ತೆ ಬರುತ್ತೀಯಂತೆ. ನಿನ್ನ ಮುಖ ನೋಡಿ ಆ ಮೂವರಲ್ಲಿ ಶ್ರೀನಿ ಕರಗಿಹೋದರು. ನಾನು ಕರಗಲಿಲ್ಲ, ಏಕೆಂದರೆ ನಿನ್ನ ಉಪಾಯ ನನಗೆ ಗೊತ್ತು. ಯಹೂದಿ ಹುಡುಗಿಯನ್ನು ಮದುವೆಯಾಗಲು ಅವರ ಧರ್ಮಕ್ಕೆ ಸೇರುತ್ತಿದ್ದೀಯ. ಬುಧವಾರ ಸಂಜೆ ಅವರ ದೊಡ್ಡ ಉಪವಾಸ ಶುರು. ದೇವರಿಗೆ ಮಾಡಿದ ತಪ್ಪನ್ನು ಅಂದು ದೇವರು ಮನ್ನಿಸುತ್ತಾನೆ, ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಮನ್ನಿಸಬೇಕು. ಮೂರು ಸಲ ಕೇಳಿಯೂ ಸಿಗದಿದ್ದರೆ ಕೇಳಿದವನ ಹೊಣೆ ತೀರಿತು, ಪಾಪ ಒಲ್ಲೆ ಎಂದವರ ತಲೆಗೆ. ನಾನು ಇನ್ನೊಂದು ಸಲ ಒಲ್ಲೆ ಎನ್ನಲಿ ಎಂದೇ ನೀನು ಬರುವುದು.

ನಾನೂ ಓದಿದೆ ಮಹಾರಾಯ. ಬೇಸಿಗೆಯಿಂದ ಪ್ರತಿ ಮಂಗಳವಾರ ಅವರ ಪ್ರಾರ್ಥನಾ ಮಂದಿರ ಸಿನಗಾಗ್‌ನ ತರಗತಿಗೆ ಹೋಗುತ್ತಿದ್ದೇನೆ. ಅಲ್ಲಿ ಹಳೆಯ ಗ್ರಂಥಗಳನ್ನು ಒಬ್ಬರೇ ಓದುವುದಿಲ್ಲ, ಜೋಡಿಯಾಗಿ ಕೂರಬೇಕು. ಒಬ್ಬರು ಜೋರಾಗಿ ಓದಿದರೆ ಇನ್ನೊಬ್ಬರು ತಕರಾರು ತೆಗೆಯಬೇಕು. ತಕರಾರಿನಲ್ಲಿ ನಾನು ಹೇಗೆಂದು ನಿನಗೆ ಹೇಳಬೇಕಾಗಿಲ್ಲ. ಪುಟದ ನಡುವೆ ಮೂಲ, ಸುತ್ತಲೂ ಎಷ್ಟೋ ಕಾಲದ ರಬ್ಬಿಗಳ, ಅಂದರೆ ಅವರ ಧರ್ಮಗುರುಗಳ, ವಾಗ್ವಾದ. ಅವರಲ್ಲೊಬ್ಬರು ಹೇಳಿದ್ದಾರೆ: ಸುಳ್ಳು ಅಪವಾದ ಹಬ್ಬಿಸಿದವನನ್ನು ಮನ್ನಿಸಲೇಬೇಕೆಂದಿಲ್ಲ. ಅಪವಾದ ಕೇಳಿದವರೆಲ್ಲರ ಕಿವಿಗೂ ಕ್ಷಮಾಪಣೆ ಮುಟ್ಟುವುದಿಲ್ಲವಲ್ಲ. ನಿನ್ನನ್ನು ಧರ್ಮಕ್ಕೆ ಸೇರಿಸುತ್ತಿರುವ ಗುರುಗಳಿಗೆ ನೀನು ಬರೀ ಗಂಡ ಹೆಂಡಿರ ಜಗಳ ಎಂದಿರುತ್ತೀಯ, ಅದಕ್ಕೇ ಅವರು ಇದನ್ನು ಹೇಳಿಲ್ಲ.

ಕನ್ನಡ ಸಂಘದ ಯುಗಾದಿ ಊಟದಲ್ಲಿ ಅಷ್ಟೂ ಜನರ ಮುಂದೆ ನೀನು, ಅಕ್ಷತಾಗೆ ತಲೆ ಕೆಟ್ಟಿದೆ, ಮಾತ್ರೆ ತಪ್ಪಿದರೆ ಕನ್ನಡ ಕಲಿಯಲು ಬರುವ ಮಕ್ಕಳ ಮೇಲೆ ಕೈ ಮಾಡುತ್ತಾಳೆ ಎಂದು ಕಣ್ಣೊರೆಸಿಕೊಂಡೆ. ನಾನು ಮಾತ್ರೆ ನುಂಗಿದವಳೂ ಅಲ್ಲ, ಯಾರ ಮಗುವನ್ನೂ ಗದರಿದವಳೂ ಅಲ್ಲ. ಮುಂದಿನ ಭಾನುವಾರ ನನ್ನ ಕನ್ನಡ ತರಗತಿಗೆ ನಿಧಿ ಒಬ್ಬಳೇ ಬಂದಳು, ಅದೂ ಅವಳಮ್ಮ ಮಕ್ಕಳನ್ನು ಕಳಿಸಬೇಡಿ ಎಂಬ ಗ್ರೂಪಿನ ಮೆಸೇಜ್ ನೋಡಿರಲಿಲ್ಲ ಎಂಬ ಕಾರಣಕ್ಕೆ. ಅರ್ಧ ಗಂಟೆಯಲ್ಲಿ ಅವಳನ್ನೂ ಕರೆದುಕೊಂಡು ಹೋದರು.

ಭಾನುವಾರ ನನ್ನ ಮನೆಗೆ ಬರಬೇಡ. ಕನ್ನಡ ಸಂಘದ ದಸರಾ ಊಟಕ್ಕೆ ಹೋಗು, ಮೈಕ್ ಹಿಡಿ, ಅದೇ ಜನರ ಮುಂದೆ ಹೇಳಿದ್ದೆಲ್ಲ ಸುಳ್ಳು ಎನ್ನು. ಆಮೇಲೆ ಯೋಚಿಸುತ್ತೇನೆ. ಮನ್ನಿಸುತ್ತೇನೆ ಎಂದಿಲ್ಲ, ಯೋಚಿಸುತ್ತೇನೆ ಎಂದೆ.

ತಲೆ ನೆಟ್ಟಗಿರುವ,
ಅಕ್ಷತಾ

ವಿ.ಸೂ.: ತರಗತಿಯಲ್ಲಿ ನನ್ನ ಜೋಡಿ ಯಾರೆಂದು ಹೇಳಲಿಲ್ಲ. ಲೇಯಾ. ನೀನು ಮದುವೆಯಾಗಲಿರುವ ಲೇಯಾನೇ. ಅವಳು ಬರುತ್ತಾಳೆಂದು ತಿಳಿದೇ ನಾನು ಅಲ್ಲಿಗೆ ಸೇರಿದೆ. ನನ್ನ ಹೆಸರನ್ನು ಕೂಡ ನೀನು ಅವಳಿಗೆ ಹೇಳಿಲ್ಲವೆಂದು ಮೊದಲ ದಿನವೇ ಗೊತ್ತಾಯಿತು. ನನ್ನ ಕಥೆ ಕೇಳಿ ಅಪವಾದದ ಆ ಸಾಲನ್ನು ಹುಡುಕಿ ತೋರಿಸಿದವಳು ಅವಳೇ. ಅಂಥವನ ಜೊತೆ ಯಾರು ಬಾಳುತ್ತಾರೆ ಎಂದು ಕೇಳಿದಳು, ಪಾಪ. ನಿನ್ನ ಹೆಸರು ಇನ್ನೂ ಹೇಳಿಲ್ಲ. ಮುಂದಿನ ತರಗತಿ ಮಂಗಳವಾರ.